ಸಾವೊ ಪಾಲೊದಲ್ಲಿ ನೋಡುವುದಕ್ಕೆ ಏನಿದೆ? ಮೊದಲು ನೀವು ಬರುವ ವಾರ ಹೇಳಿ

ಬ್ರೆಜಿಲ್‌ಗೆ ಹೊರಟ ನಮ್ಮ ಕಡೆಯವರು ಟಿಕೆಟ್ ಕೊಂಡ ಮೇಲೆ ನನಗೊಂದು ಸಂದೇಶ ಕಳಿಸುತ್ತಾರೆ. ಬರೆಯುವವರು ಬೇರೆ ಬೇರೆ, ತಿರುಳು ಒಂದೇ: "ರಿಯೊದಲ್ಲಿ ನಾಲ್ಕು ದಿನ ಇರುತ್ತೇವೆ. ಸಾವೊ ಪಾಲೊದಲ್ಲಿ ಎರಡು ದಿನ ಇರಲೇಬೇಕಾಗಿ ಬಂದಿದೆ. ಅಲ್ಲಿ ನೋಡುವಂಥದ್ದು ಏನಾದರೂ ಇದೆಯೇ?"

ಆ 'ಇರಲೇಬೇಕಾಗಿ ಬಂದಿದೆ' ಎಂಬುದನ್ನು ಓದಿದಾಗ, ಆರು ವರ್ಷದಿಂದ ಇದೇ ಊರಿನಲ್ಲಿ ಸಂಸಾರ ಹೂಡಿರುವ ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಹಟಕ್ಕೆ ಬಿದ್ದು ಮಾರುದ್ದದ ಪಟ್ಟಿ ಬರೆದು ಕಳಿಸುತ್ತಿದ್ದೆ. ಪಟ್ಟಿ ಹಿಡಿದು ಬಿಸಿಲಲ್ಲಿ ಸುತ್ತಿದವರು ಸಂಜೆ ನಮ್ಮ ಮನೆಗೆ ಬಂದು, ಸಾರು ಅನ್ನ ಉಂಡು, "ಪರವಾಗಿಲ್ಲ, ದೊಡ್ಡ ಊರು" ಎಂದು ಹೇಳಿ ಹೋಗುತ್ತಿದ್ದರು. ತಪ್ಪು ಅವರದ್ದಲ್ಲ, ಪಟ್ಟಿಯದ್ದು. ಈಗ ಪಟ್ಟಿ ಕಳಿಸುವುದನ್ನು ಬಿಟ್ಟಿದ್ದೇನೆ. ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ಇಲ್ಲಿ ಇರುವುದು ಯಾವ ವಾರ, ಸೋಮವಾರವೋ ಭಾನುವಾರವೋ?

ಇಲ್ಲಿ ಸಮುದ್ರವಿಲ್ಲ. ಬೆಟ್ಟದ ತುದಿಯಲ್ಲಿ ಕೈಚಾಚಿ ನಿಂತ ಕ್ರಿಸ್ತನೂ ಇಲ್ಲ. 2022ರ ಜನಗಣತಿಯ ಪ್ರಕಾರ 1 ಕೋಟಿ 14 ಲಕ್ಷ ಜನ, ಕಣ್ಣು ಹಾಯುವಷ್ಟು ದೂರ ಕಟ್ಟಡ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಹವೆ ಮಾತ್ರ ಬೆಂಗಳೂರಿನವರಿಗೆ ಒಗ್ಗುತ್ತದೆ. ಜೂನ್, ಜುಲೈಯಲ್ಲಿ ಸ್ವೆಟರ್ ಬೇಕು, ಡಿಸೆಂಬರಿನಿಂದ ಮಾರ್ಚಿನ ತನಕ ಸಂಜೆಯ ಮಳೆಗೆ ಕೊಡೆ ಬೇಕು. ಇಂಥ ಊರನ್ನು ಸ್ಥಳದ ಲೆಕ್ಕದಲ್ಲಿ ನೋಡಲು ಹೊರಟರೆ ನಿರಾಸೆ ಖಂಡಿತ. ವಾರದ ಲೆಕ್ಕದಲ್ಲಿ ನೋಡಬೇಕು. ಸಂತೆಯ ಮರುದಿನ ಸಂತೆಮಾಳಕ್ಕೆ ಹೋದವನಿಗೆ ಸಿಗುವುದು ಬಾಡಿದ ಕೋಸಿನೆಲೆ ಮತ್ತು ಬಿಡಾಡಿ ದನ ತಾನೇ?

ಆದ್ದರಿಂದ ನನ್ನ ಮೊದಲ ಸಲಹೆ: ಹೇಗಾದರೂ ಮಾಡಿ ಒಂದು ಭಾನುವಾರವನ್ನು ಇಲ್ಲಿಗೆ ಹೊಂದಿಸಿಕೊಳ್ಳಿ.

ಪೌಲಿಸ್ತಾ ಅವೆನ್ಯೂ ಈ ಊರಿನ ಬೆನ್ನುಮೂಳೆ. ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ನೇರ ರಸ್ತೆ, ಎರಡೂ ಬದಿಗೆ ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಗೋಪುರಗಳು. ವಾರದ ದಿನ ನೋಡಿದರೆ ಇದರಲ್ಲೇನು ವಿಶೇಷ ಎನಿಸುತ್ತದೆ. 2015ರಿಂದ ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನ ಇಳಿಯುವವರೆಗೆ ಇಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಆಗ ಇಡೀ ರಸ್ತೆ ಜಾತ್ರೆಯ ಬೀದಿಯಾಗುತ್ತದೆ. ಐವತ್ತು ಹೆಜ್ಜೆಗೊಂದು ವಾದ್ಯಗೋಷ್ಠಿ. ಒಂದರ ಡೋಲು ಇನ್ನೊಂದರ ಗಿಟಾರಿನ ಮೇಲೆ ಏರಿ ಬರುತ್ತಿರುತ್ತದೆ. ಅರವತ್ತು ದಾಟಿದ ಹೆಂಗಸರು ಸ್ಕೇಟಿಂಗ್ ಚಕ್ರ ಕಟ್ಟಿಕೊಂಡು ಬಸ್ಸಿನ ಪಥದಲ್ಲಿ ಜಾರುತ್ತಾರೆ. ಗುರುತು ಪರಿಚಯವಿಲ್ಲದ ಗಂಡು ಹೆಣ್ಣು ಕೈ ಹಿಡಿದು ಫೊಹೋ ಕುಣಿಯುತ್ತಾರೆ, ಹಾಡು ಮುಗಿದ ಮೇಲೆ ತಲೆಯಾಡಿಸಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಹೋದ ವರ್ಷ ಕೊಪ್ಪದಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಕಾಫಿ ತೋಟ ಇರುವವರು, ಕಂಡದ್ದನ್ನೆಲ್ಲ ಒಮ್ಮೆಗೇ ಮೆಚ್ಚುವ ಜಾತಿಯಲ್ಲ. ಪೌಲಿಸ್ತಾದಲ್ಲಿ ಒಬ್ಬ ಗಾಡಿಯವನ ಬಳಿ ನಿಂತರು. ಅವನು ಹಬೆಯಾಡುವ ಪಾತ್ರೆಯಿಂದ ಮೆಕ್ಕೆಜೋಳದ ತೆನೆ ತೆಗೆದು, ಚಾಕುವಿನಿಂದ ಸರ್ರನೆ ಕಾಳು ಹೆರೆದು ತಟ್ಟೆಗೆ ಬೀಳಿಸಿ, ಮೇಲೊಂದು ಚೂರು ಬೆಣ್ಣೆ ಹಾಕಿ ಕೊಟ್ಟ. ಚಿಕ್ಕಪ್ಪ ಪಾದಚಾರಿ ಮಾರ್ಗದ ಅಂಚಿನಲ್ಲಿ ಕುಳಿತು ಅದನ್ನು ತಿಂದು ಮುಗಿಸುವಷ್ಟರಲ್ಲಿ ಮೂರು ತಂಡಗಳ ಸಂಗೀತ ಕೇಳಿದ್ದರು. "ಈ ರಸ್ತೆ ಯಾರದ್ದು?" ಎಂದು ಕೇಳಿದರು. ಹಿಂದೆ ನಿಮ್ಮಂಥವರದ್ದೇ ಎಂದೆ. ಅದು ನಿಜ ಕೂಡ. 1891ರಲ್ಲಿ ಈ ರಸ್ತೆ ಶುರುವಾದಾಗ ಇಕ್ಕೆಲದಲ್ಲಿ ಬಂಗಲೆ ಕಟ್ಟಿಸಿಕೊಂಡವರಲ್ಲಿ ಕಾಫಿ ತೋಟಗಳ ಸಾಹುಕಾರರೇ ಮುಂದಿದ್ದರು. ಆ ಬಂಗಲೆಗಳು ಬಹುಪಾಲು ನೆಲಸಮವಾಗಿವೆ. 1935ರಲ್ಲಿ ಕಟ್ಟಿದ 'ಕಾಜಾ ದಾಸ್ ಹೋಜಾಸ್', ಅಂದರೆ ಗುಲಾಬಿಗಳ ಮನೆ, ಗೋಪುರಗಳ ನಡುವೆ ಒಂಟಿಯಾಗಿ ಉಳಿದಿದೆ. ಅದರ ಹೂದೋಟದ ಬೆಂಚಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ, ಕಾಸು ಕೊಡಬೇಕಿಲ್ಲ.

ಕಾಫಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಈ ಊರನ್ನು ಕಟ್ಟಿದ್ದು ಕಾಫಿ, ಆದರೆ ಬೀದಿಬದಿಯ ಕಾಫಿ ನಮ್ಮ ನಾಲಿಗೆಗೆ ಅಲ್ಲ. ಹಾಲಿಲ್ಲದ, ಸಕ್ಕರೆ ಮೊದಲೇ ಬೆರೆಸಿಟ್ಟ ಪುಟ್ಟ ಲೋಟ. ಚಿಕ್ಕಪ್ಪ ಒಂದು ಗುಟುಕು ಕುಡಿದು, "ಇಷ್ಟು ಸಕ್ಕರೆ ಹಾಕಿದರೆ ಬೀಜದ ಹುಳುಕು ಯಾರಿಗೂ ಗೊತ್ತಾಗುವುದಿಲ್ಲ ನೋಡು" ಎಂದರು. ಆದರೆ ಅಂಗಡಿಯವನು ಬಟ್ಟೆಯ ಚೀಲದಲ್ಲಿ ಡಿಕಾಕ್ಷನ್ ಸೋಸುತ್ತಿದ್ದುದನ್ನು ಕಂಡು, ಅವರ ಅಮ್ಮ ಸೋಸುತ್ತಿದ್ದುದೂ ಹೀಗೇ ಎಂದು ಇನ್ನೊಂದು ಲೋಟ ಕುಡಿದರು. ಬೆಳಿಗ್ಗೆ ಯಾವುದಾದರೂ ಪಾದರಿಯಾಕ್ಕೆ, ಅಂದರೆ ಬೇಕರಿಗೆ, ಹೋಗಿ ಹಾಲು ಬೆರೆತ 'ಮೇಜಿಯಾ' ಕೇಳಿ. ಜೊತೆಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಒತ್ತಿದ ಬ್ರೆಡ್ಡು. ಹೋಟೆಲಿನ ಪುಕ್ಕಟೆ ತಿಂಡಿಗಿಂತ ಇದು ಸಾವಿರ ಪಾಲು ಮೇಲು.

ಭಾನುವಾರ ಇನ್ನೂ ಮುಗಿದಿಲ್ಲ. ಊರಿನ ನಡುವೆ 1971ರಲ್ಲಿ ತೆರೆದ ಒಂದು ಮೇಲ್ಸೇತುವೆ ಇದೆ. ಜನ ಅದಕ್ಕಿಟ್ಟ ಹೆಸರು ಮಿನ್ಯೊಕಾವ್, ಅಂದರೆ ಹೆಬ್ಬೆರೆಹುಳು. ಎರಡೂ ಬದಿಯ ಮನೆಗಳ ಕಿಟಕಿಗೆ ಕೈ ತಾಗುವಷ್ಟು ಹತ್ತಿರ ಹಾದುಹೋಗುವ, ನಗರ ಯೋಜನೆಯ ಪಾಪದ ಕೂಸು. ರಾತ್ರಿ ಮತ್ತು ವಾರಾಂತ್ಯದಲ್ಲಿ ಅದರ ಮೇಲೂ ವಾಹನ ಬಿಡುವುದಿಲ್ಲ. ಆಗ ಮಕ್ಕಳು ಸೈಕಲ್ ಕಲಿಯುವುದು ಅಲ್ಲೇ, ಮುದುಕರು ಮಡಚುವ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುವುದೂ ಅಲ್ಲೇ. ನಡೆಯುತ್ತ ಎರಡನೇ ಮಹಡಿಯವರ ಅಡುಗೆಮನೆಯನ್ನು ನೋಡಿಬಿಡುವ ಮುಜುಗರವೂ ಉಂಟು. ಫ್ಲೈಓವರ್ ಕೆಳಗೇ ಆಯುಷ್ಯ ಕಳೆದ ಬೆಂಗಳೂರಿನವರು ಫ್ಲೈಓವರ್ ಮೇಲೆ ಒಮ್ಮೆ ನಡೆದು ನೋಡಬೇಕು.

ಈ ಊರಿನಲ್ಲಿ ಏನೋ ಕಡಿಮೆಯಿದೆ, ಏನೆಂದು ಗೊತ್ತಾಗುತ್ತಿಲ್ಲ ಎಂದು ಬಂದವರು ಹೇಳುವುದುಂಟು. ಜಾಹೀರಾತು ಫಲಕಗಳು ಕಡಿಮೆ! 2007ರಿಂದ ಹೊರಾಂಗಣ ಜಾಹೀರಾತಿಗೆ ಇಲ್ಲಿ ನಿಷೇಧವಿದೆ. ಹೋರ್ಡಿಂಗ್ ಇಲ್ಲ, ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಇಲ್ಲ. ಬರಿದಾದ ಗೋಡೆಗಳಲ್ಲಿ ಎಷ್ಟೋ ಈಗ ಹತ್ತಾರು ಅಂತಸ್ತಿನ ಚಿತ್ರಗಳಾಗಿವೆ. ಗೋಡೆಚಿತ್ರ ನೋಡಲೆಂದು ಎಲ್ಲರೂ ಓಡುವ ವಿಲಾ ಮದಲೇನಾದ 'ಬ್ಯಾಟ್‌ಮ್ಯಾನ್ ಓಣಿ' ನನಗಂತೂ ಫೋಟೋ ತೆಗೆಸಿಕೊಳ್ಳುವವರ ಸರತಿ ಸಾಲಿನ ಹಾಗೆ ಕಾಣುತ್ತದೆ. ಮಿನ್ಯೊಕಾವ್ ಮೇಲಿಂದ ಕಾಣುವ ಗೋಡೆಗಳೇ ಸಾಕು.

ಇನ್ನು ನನ್ನ ಪ್ರೀತಿಯ ವಿಷಯ, ಸಂತೆ. ಇಲ್ಲಿ ಅದಕ್ಕೆ ಫೇರಾ ಎನ್ನುತ್ತಾರೆ. ಒಂದೊಂದು ಬಡಾವಣೆಗೆ ಒಂದೊಂದು ವಾರ, ನಮ್ಮ ಬೀದಿಗೆ ಗುರುವಾರ. ಬೆಳಗಿನ ಜಾವವೇ ರಸ್ತೆ ಮುಚ್ಚಿ ಬಣ್ಣದ ಗುಡಾರ ಹಾಕುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಿತ್ತು ಪುರಸಭೆಯವರು ರಸ್ತೆ ತೊಳೆದುಬಿಡುತ್ತಾರೆ. ಹೋಟೆಲಿನವರನ್ನು ಕೇಳಿದರೆ ಆ ದಿನದ ಫೇರಾ ಎಲ್ಲಿ ಎಂದು ಹೇಳುತ್ತಾರೆ. ಅಲ್ಲಿ ನಮ್ಮ ಹಲಸು 'ಜಾಕ' ಆಗಿದೆ, ಮಾವು 'ಮಾಂಗ'. ಎರಡೂ ಮಲಬಾರಿನ ಹೆಸರಿನೊಂದಿಗೇ ಪೋರ್ಚುಗೀಸರ ಹಡಗು ಹತ್ತಿ ಬಂದವು. ಗೇರುಹಣ್ಣು ಅದೇ ಪೋರ್ಚುಗೀಸರ ಕೈಯಲ್ಲಿ ಇಲ್ಲಿಂದ ನಮ್ಮ ಕರಾವಳಿಗೆ ಬಂತು. ಸೀಮೆಬದನೆಯನ್ನು ಇವರು 'ಶುಶು' ಎಂದು ಕರೆಯುತ್ತಾರೆ, ಕೇಳಿದಾಗಲೆಲ್ಲ ನನಗೆ ನಗು. ಬೀಗದ ಕೈಗೆ 'ಶಾವಿ', ನಾವು ಚಾವಿ ಎನ್ನುವುದು ಇದನ್ನೇ. ಪೋರ್ಚುಗೀಸ್ ಬರುವುದಿಲ್ಲ ಎಂದು ಹೆದರುವವರಿಗೆ ಚಾವಿ, ಬಾಲ್ದಿ, ಪಾದ್ರಿ ಎಂಬ ಮೂರು ಪದ ಈಗಾಗಲೇ ಬರುತ್ತವೆ ಎಂದು ಧೈರ್ಯ ಹೇಳುತ್ತೇನೆ.

ಸಂತೆಯ ಒಂದು ತುದಿಯಲ್ಲಿ ಪಸ್ತೆಲ್ ಗಾಡಿ ತಪ್ಪುವುದಿಲ್ಲ. ಕೈಯಗಲದ ತೆಳು ಹಿಟ್ಟಿನ ಲಕೋಟೆ, ಕುದಿಯುವ ಎಣ್ಣೆಗೆ ಬಿದ್ದೊಡನೆ ದಿಂಬಿನಂತೆ ಉಬ್ಬುತ್ತದೆ. ಮೂಲೆ ಕಚ್ಚಿ ಹಬೆ ಹೋಗಲು ಬಿಡಬೇಕು, ಅವಸರಪಟ್ಟರೆ ತುಟಿ ಸುಡುತ್ತದೆ. ಸಸ್ಯಾಹಾರಿಗಳು ಚೀಸ್ ಅಥವಾ 'ಪಾಲ್ಮಿಟು', ಅಂದರೆ ತಾಳೆ ಜಾತಿಯ ಮರದ ತಿರುಳು, ಇರುವುದನ್ನು ಕೇಳಿ. ಪಕ್ಕದಲ್ಲೇ ಕಬ್ಬಿನ ಹಾಲು. ಶುಂಠಿಯ ಬದಲು ಅನಾನಸ್ ಹಿಂಡುತ್ತಾರೆ, ಅದೊಂದು ವ್ಯತ್ಯಾಸ. ಹಣ್ಣಿನವನು "ಚೆಲುವೆಯರು ದುಡ್ಡು ಕೊಡಬೇಕಿಲ್ಲ, ಆದರೆ ಹಣ್ಣೂ ಒಯ್ಯುವಂತಿಲ್ಲ" ಎಂದು ಅಜ್ಜನ ಕಾಲದ ಸವಾಲನ್ನೇ ಕೂಗುತ್ತಿರುತ್ತಾನೆ. ಗುಡಾರ ಕೀಳುವ ಹೊತ್ತಿಗೆ ಬೆಲೆ ಬಿದ್ದುಹೋಗುತ್ತದೆ. ಆ ಹೊತ್ತಿಗೆ 'ಶೇಪಾ' ಎಂಬ ಹೆಸರೇ ಇದೆ. ನಾನು ಹೋಗುವುದು ಆಗಲೇ.

ಶನಿವಾರ ಇರುವವರಿಗೆ: ಬುಧವಾರ ಮತ್ತು ಶನಿವಾರ ಇಡೀ ಊರು ಫೆಜುವಾಡಾ ಉಣ್ಣುತ್ತದೆ. ಬೇಯಿಸಿದ ಕಪ್ಪು ಬೀನ್ಸ್ ಕಾಳಿನೊಳಗೆ ಹಂದಿಯ ನಾನಾ ಭಾಗಗಳು. ತಿನ್ನುವವರಿಗೆ ಹಬ್ಬ, ತಿನ್ನದವರು ದೂರವಿರಿ. "ಮಾಂಸ ಇದೆಯೇ?" ಎಂದು ಕೇಳಿದರೆ "ಇಲ್ಲ ಇಲ್ಲ, ಕೋಳಿ ಮಾತ್ರ" ಎನ್ನುವ ದೇಶ ಇದು. ಸಸ್ಯಾಹಾರಿಗಳನ್ನು ಕಾಪಾಡುವುದು ತಟ್ಟೆಯನ್ನು ತಕ್ಕಡಿಯಲ್ಲಿಟ್ಟು ತೂಕಕ್ಕೆ ದುಡ್ಡು ತೆಗೆದುಕೊಳ್ಳುವ 'ಪೊರ್ ಕೀಲು' ಊಟದ ಮನೆಗಳು. ಹತ್ತಿಪ್ಪತ್ತು ಬಗೆಯ ಪಲ್ಯ, ಕೋಸಂಬರಿಯಂಥವು, ಅನ್ನ ಎಲ್ಲ ಕಣ್ಣೆದುರಿಗೇ ಇರುತ್ತವೆ. ಚಿಕ್ಕಪ್ಪ ಮೊದಲ ದಿನ ಕಲ್ಲಂಗಡಿ ಹೇರಿಕೊಂಡು ತೂಕ ನೋಡಿ ಬೆಚ್ಚಿದರು. ಮರುದಿನದಿಂದ ಬರೀ ಸೊಪ್ಪು.

ವಾರಾಂತ್ಯದಲ್ಲಿ ಜಪಾನಿ ಬಡಾವಣೆ ಎಂದೇ ಹೆಸರಾದ ಲಿಬರ್ದಾಜಿಯ ಜಾತ್ರೆಯೂ ಇರುತ್ತದೆ. 1908ರ ಜೂನ್ 18ರಂದು ಕಸಾಟೊ ಮಾರು ಎಂಬ ಹಡಗು 781 ಜಪಾನೀಯರನ್ನು ಸಾಂತೊಸ್ ಬಂದರಿಗೆ ತಂದಿಳಿಸಿತು. 1888ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಾಫಿ ತೋಟಗಳಿಗೆ ಆಳು ಸಿಗುತ್ತಿರಲಿಲ್ಲ, ಅದಕ್ಕೆ. ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರುವುದು ಈಗ ಬ್ರೆಜಿಲ್‌ನಲ್ಲಿ. ಕೆಂಪು ತೋರಣಗಂಬ, ಗಂಟೆಹೂವಿನಂಥ ಬೀದಿದೀಪ ನೋಡಿ ಎಲ್ಲರೂ ವಾಪಸಾಗುತ್ತಾರೆ. ಅದಕ್ಕೂ ಮುಂಚೆ ಇಲ್ಲಿ ನೇಣುಗಂಬವಿತ್ತು. ಗಲ್ಲಿಗೇರಿದವರ ಆತ್ಮಗಳ ಹೆಸರಿನಲ್ಲಿರುವ ಇಗರ್ಜಿಯಲ್ಲಿ ಇಂದಿಗೂ ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿಗೂ ಎರಡು ನಿಮಿಷ ಹೋಗಿ ಬನ್ನಿ.

ಮಂಗಳವಾರ ಎಂದವರಿಗೆ ಒಂದೇ ಉತ್ತರ, ಮಾಸ್ಪ್ ಕಲಾ ಸಂಗ್ರಹಾಲಯ. ಅಂದು ಪ್ರವೇಶ ಉಚಿತ, ಮೊದಲೇ ಅಂತರ್ಜಾಲದಲ್ಲಿ ಹೆಸರು ಬರೆಸಿ. ಲೀನಾ ಬೊ ಬಾರ್ಜಿ ಎಂಬ ಇಟಲಿ ಮೂಲದ ಮಹಿಳೆ ವಿನ್ಯಾಸ ಮಾಡಿದ, 1968ರಲ್ಲಿ ತೆರೆದ ಕಟ್ಟಡ ಇದು. ಕೆಳಗೆ 74 ಮೀಟರ್ ಉದ್ದಕ್ಕೆ ಒಂದು ಕಂಬವೂ ಇಲ್ಲ, ಮಂಚದಂತೆ ಮೇಲೆ ನಿಂತಿದೆ. ಒಳಗೆ ಗೋಡೆಗೆ ಚಿತ್ರ ತೂಗುಹಾಕಿಲ್ಲ. ಕಾಂಕ್ರೀಟಿನ ದಿಮ್ಮಿಗೆ ನೆಟ್ಟ ಗಾಜಿನ ಹಲಗೆಯ ಮೇಲೆ ಒಂದೊಂದು ಚಿತ್ರ, ಸಾಲು ಸಾಲಾಗಿ, ಗಾಳಿಯಲ್ಲಿ ನಿಂತ ಹಾಗೆ. ಬರೆದವರು ಯಾರೆಂದು ತಿಳಿಯಬೇಕಾದರೆ ಹಿಂಬದಿಗೆ ಹೋಗಬೇಕು, ಚೀಟಿ ಇರುವುದು ಅಲ್ಲಿ. ಹಾಗಾಗಿ ಹೆಸರು ನೋಡಿ ಮೆಚ್ಚುವ ಅಭ್ಯಾಸಕ್ಕೆ ಇಲ್ಲಿ ಅವಕಾಶವಿಲ್ಲ. ಚಿಕ್ಕಪ್ಪ ವ್ಯಾನ್ ಗೋ ಎದುರಿಗೆ ನಿಲ್ಲದೆ ಹಾದುಹೋದರು. ಬ್ರೆಜಿಲ್‌ನ ಚಿತ್ರಕಾರ ಪೋರ್ತಿನಾರಿ 1944ರಲ್ಲಿ ಬರೆದ ಬರಗಾಲದ ಗುಳೆಯ ಸಂಸಾರದ ಮುಂದೆ, ಆ ಮೂಳೆ ಚಕ್ಕಳದ ಮಕ್ಕಳ ಮುಂದೆ, ಬಹಳ ಹೊತ್ತು ನಿಂತರು.

ಅದೇ ಲೀನಾ ಹಳೆಯ ಪೀಪಾಯಿ ಕಾರ್ಖಾನೆಯೊಂದನ್ನು ಉಳಿಸಿಕೊಂಡು ಮಾಡಿದ ಸೆಸ್ಕ್ ಪೊಂಪೇಯಾ ನನಗೆ ಈ ಊರಿನಲ್ಲೇ ಅತ್ಯಂತ ಇಷ್ಟದ ಜಾಗ. ಗ್ರಂಥಾಲಯ, ನಾಟಕ, ಈಜುಕೊಳ, ಅಗ್ಗದ ಊಟ. ಕೂಲಿಕಾರರೂ ಬರುತ್ತಾರೆ, ವಾಸ್ತುಶಿಲ್ಪ ಓದುವವರೂ ಬರುತ್ತಾರೆ. ನೋಡಲು ಹೋಗಬೇಡಿ, ಪತ್ರಿಕೆ ಹಿಡಿದು ಕುಳಿತುಕೊಳ್ಳಲು ಹೋಗಿ. ಇಬಿರಪುವೇರಾ ಉದ್ಯಾನಕ್ಕೆ ನನ್ನ ಶಿಫಾರಸು ಬೇಕಿಲ್ಲ, ಹೇಗೂ ಹೋಗುತ್ತೀರಿ.

ಎರಡು ಎಚ್ಚರಿಕೆ. ರಸ್ತೆಯಂಚಿನಲ್ಲಿ ನಿಂತು ಮೊಬೈಲಿನಲ್ಲಿ ದಾರಿ ಹುಡುಕಬೇಡಿ, ಸೈಕಲ್ ಮೇಲೆ ಬಂದವನು ಕಿತ್ತುಕೊಂಡು ಹೋಗುತ್ತಾನೆ; ಅಂಗಡಿಯೊಳಗೆ ಹೋಗಿ ನೋಡಿ. ಇನ್ನೊಂದು, ಭಾರತದಿಂದ ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಅದರ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಅದಿಲ್ಲದೆ ಬ್ರೆಜಿಲ್‌ನಿಂದ ಮರಳಿದವರನ್ನು ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಉಳಿದದ್ದು ಸೋಮವಾರ. ಮಾಸ್ಪ್ ಮುಚ್ಚಿರುತ್ತದೆ, ಫುಟ್‌ಬಾಲ್ ಮ್ಯೂಸಿಯಂ ಮುಚ್ಚಿರುತ್ತದೆ, ಸಂತೆಗೂ ರಜೆ. ಆದರೆ ಲೂಸ್ ರೈಲು ನಿಲ್ದಾಣದ ಎದುರಿನ ಪಿನಾಕೊತೆಕಾ ಕಲಾ ಸಂಗ್ರಹಾಲಯ ಸೋಮವಾರ ತೆರೆದು ಮಂಗಳವಾರ ಬಾಗಿಲು ಹಾಕುತ್ತದೆ. ಗಾರೆ ಕಾಣದ ಇಟ್ಟಿಗೆ ಗೋಡೆಯ ಆ ಕಟ್ಟಡದೊಳಗೆ ಅಲ್ಮೇಯ್ದಾ ಜೂನಿಯರ್ 1893ರಲ್ಲಿ ಬರೆದ ಚಿತ್ರವೊಂದಿದೆ: ಮಣ್ಣಿನ ಮನೆಯ ಹೊಸ್ತಿಲಲ್ಲಿ ಬರಿಗಾಲಿನ ರೈತನೊಬ್ಬ ಬಿಸಿಲಿಗೆ ಕುಳಿತು, ಚಾಕುವಿನಿಂದ ಹೊಗೆಸೊಪ್ಪು ಹೆರೆಯುತ್ತಿದ್ದಾನೆ. ಸೋಮವಾರ ಒಂದೇ ದಿನ ಸಿಕ್ಕಿತು ಎನ್ನುವವರಿಗೆ ಆ ವಿಳಾಸ ಕಳಿಸುತ್ತೇನೆ. ಜೊತೆಗೆ ರಿಯೊಗೆ ಹೋಗುವ ಬಸ್ಸಿನ ವೇಳೆಯನ್ನೂ.