‘ಇಂಟರ್‌ವ್ಯೂಗೆ ಮಾತಾಡೋದು ಕಲಿಸ್ರಿ’ ಅನ್ನುವವರಿಗೆ

“ಸರ್, ಮಾರ್ಕ್ಸ್ ಚಲೋ ಅದಾವ್ರಿ, ಇಂಟರ್‌ವ್ಯೂದಾಗ ಹೋಗತೈತ್ರಿ. ಮಾತಾಡೋದೊಂದು ಕಲಿಸಿಬಿಡ್ರಿ.” ಧಾರವಾಡದ ಸಪ್ತಾಪುರದ ಕೋಚಿಂಗ್ ಹುಡುಗರೂ ಇದನ್ನೇ ಕೇಳುತ್ತಾರೆ, ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಇನ್ನು ಓದಿಕೊಳ್ಳಿ.

ಮೊದಲು ನಿಮ್ಮ ಹುದ್ದೆಗೆ ಸಂದರ್ಶನ ಇದೆಯೋ ಇಲ್ಲವೋ ನೋಡಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರಿಂದ ಸಂದರ್ಶನವೇ ಇಲ್ಲ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಕ್ಲರ್ಕ್ ಹುದ್ದೆಗೂ ಇಲ್ಲ. ಅಂಥವರು ಇದಕ್ಕಾಗಿ ಫೀ ಕಟ್ಟಬೇಡಿ, ಆ ಹೊತ್ತಿನಲ್ಲಿ ಗಣಿತ ಮಾಡಿ. ಐಬಿಪಿಎಸ್ ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗೆ ಇದೆ: ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಲೆಕ್ಕ. ಯುಪಿಎಸ್‌ಸಿ ಸಿವಿಲ್ ಸರ್ವೀಸಸ್‌ನಲ್ಲಿ ಒಟ್ಟು 2025 ಅಂಕಗಳ ಪೈಕಿ ಸಂದರ್ಶನಕ್ಕೆ 275.

ಪ್ಯಾನೆಲ್‌ನವರು ಮಾತಿನಮಲ್ಲರನ್ನು ಹುಡುಕುತ್ತಿಲ್ಲ. “ಟೀಮಿನಲ್ಲಿ ತಕರಾರು ಬಂದಾಗ ಏನು ಮಾಡಿದಿರಿ?” ಎಂದರೆ “ಎಲ್ಲರೂ ಕೂಡಿ ಬಗೆಹರಿಸಿದೆವು” ಅನ್ನುತ್ತೀರಿ. ಅದರಲ್ಲಿ ನಿಮ್ಮ ಪಾಲು ಎಷ್ಟೆಂದು ಅವರಿಗೆ ಹೇಗೆ ತಿಳಿಯಬೇಕು? ಸನ್ನಿವೇಶ ಎರಡು ವಾಕ್ಯದಲ್ಲಿ ಮುಗಿಯಲಿ. ನೀವು ಯಾರ ಹತ್ತಿರ ಹೋದಿರಿ, ಏನು ಕೇಳಿದಿರಿ, ಅವರು ಒಪ್ಪದಿದ್ದಾಗ ಏನು ಬದಲಿಸಿದಿರಿ ಎಂಬುದಕ್ಕೆ ಒಂದು ನಿಮಿಷ ಕೊಡಿ. ಫಲ ಒಂದೇ ವಾಕ್ಯ. ಒಟ್ಟು ಒಂದೂವರೆ ನಿಮಿಷ ಸಾಕು.

“ನಮಗ ಅನುಭವ ಎಲ್ಲೈತ್ರಿ?” ಅನ್ನಬೇಡಿ. ಓಣಿಯ ಗಣಪತಿಗೆ ಪಟ್ಟಿ ಎತ್ತಿ, ಪೈಸೆ ಪೈಸೆ ಲೆಕ್ಕ ಒಪ್ಪಿಸಿದ್ದು ಅನುಭವ. ಬ್ಯಾಡಗಿ ಎಪಿಎಂಸಿಯಲ್ಲಿ ಅಪ್ಪನ ಮೆಣಸಿನಕಾಯಿ ಚೀಲಗಳ ತೂಕ ತಾಳೆ ನೋಡಿ, ತಪ್ಪನ್ನು ಜಗಳವಾಡದೆ ತಿದ್ದಿಸಿದ್ದು ಅದಕ್ಕಿಂತ ದೊಡ್ಡ ಅನುಭವ. ಹಳ್ಳಿಯ ಮಕ್ಕಳು ಇದನ್ನೆಲ್ಲ ಮುಚ್ಚಿಟ್ಟು ಯೂಟ್ಯೂಬ್‌ನ ಉತ್ತರ ಒಪ್ಪಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

“ನಾನು ಬೇಗ ಕಲಿಯುತ್ತೇನೆ” ಎಂಬುದೂ ಅಂಥದ್ದೇ ಉತ್ತರ. ಆರು ತಿಂಗಳ ಹಿಂದೆ ಏನು ಬರುತ್ತಿರಲಿಲ್ಲ, ಯಾರಿಂದ ಕಲಿತಿರಿ, ಈಗ ಎಷ್ಟು ಬರುತ್ತದೆ, ಇನ್ನೂ ಎಲ್ಲಿ ತಡವರಿಸುತ್ತೀರಿ ಎಂದು ಹೇಳಿ. ಕೊನೆಯದನ್ನು ಹೇಳದೆ ಬಿಟ್ಟರೆ ಯಾರೂ ನಂಬುವುದಿಲ್ಲ.

ಕೇಳಿಸಿಕೊಳ್ಳುವುದನ್ನು ಹೇಗೆ ಕಲಿಯಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು. “ಈ ಕೆಲಸದಲ್ಲಿ ನಿಮಗೆ ಯಾವುದು ಕಷ್ಟವಾದೀತು?” ಎಂದರೆ ‘ಈ ಕೆಲಸ’ ಎಂಬಷ್ಟೇ ಕಿವಿಗೆ ಬಿದ್ದು, ಆ ಕೆಲಸ ಯಾಕೆ ಬೇಕೆಂದು ಹೇಳತೊಡಗುತ್ತೀರಿ. ಅರ್ಧ ಪ್ರಶ್ನೆಗೆ ಎಷ್ಟು ಚಂದ ಉತ್ತರಿಸಿದರೂ ಅಂಕ ಇಲ್ಲ.

ಇದಕ್ಕೆ ಮೂವರು ಗೆಳೆಯರು ಸಾಕು. ಒಬ್ಬ ಪ್ರಶ್ನೆಯನ್ನು ಒಮ್ಮೆ ಮಾತ್ರ ಓದಲಿ. ಇನ್ನೊಬ್ಬ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿ, ಎರಡು ಸೆಕೆಂಡ್ ತಡೆದು ಉತ್ತರಿಸಲಿ. ಮೂರನೆಯವ ಪ್ರಶ್ನೆಯ ಯಾವ ಭಾಗಕ್ಕೆ ಉತ್ತರ ಬರಲಿಲ್ಲ ಎಂಬುದನ್ನಷ್ಟೇ ಬರೆದುಕೊಳ್ಳಲಿ. ಇಂಗ್ಲಿಷಿನ ತಪ್ಪು ಬರೆಯಕೂಡದು. ದಿನಕ್ಕೆ ಇಪ್ಪತ್ತು ನಿಮಿಷ, ಪಾಳಿ ಬದಲಿಸುತ್ತ ಮಾಡಿ.