15ನೇ ನಂಬರಿನ ಸಾಲು

"ನನ್ನ ಹೆಸರು ಹಾಕಬ್ಯಾಡವಾ. ನಾ ಎಲ್ಲಿ ಆಡೇನಿ?"

ಭಾನುವಾರ ಸಂಜೆ ಕಾಕಾ ಇಷ್ಟಂದು ಚಹಾದ ಕಪ್ಪು ಕೆಳಗಿಟ್ಟರು. ಇವತ್ತು ಗುರುವಾರ. ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ, ಉಣಕಲ್ ಕೆರೆಯ ದಂಡೆಗೆ ನಡೆಯುವಾಗ, ರಾತ್ರಿ ರೊಟ್ಟಿ ಬಡಿಯುವಾಗ ಕಿವಿಯಲ್ಲಿ ಅದೇ ಮಾತು. ನಾ ಎಲ್ಲಿ ಆಡೇನಿ?

ನಮ್ಮ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಮಿಟಿಯವರು ಕೊಟ್ಟ ಕಾಗದದಲ್ಲಿ ಗೆದ್ದ ಕಪ್ಪುಗಳಿವೆ, ಅಧ್ಯಕ್ಷರಿದ್ದಾರೆ, ದೀಪ ಹಚ್ಚಿ ಹೋದ ಮುಖ್ಯ ಅತಿಥಿಗಳಿದ್ದಾರೆ. ಆಡಿದವರು ಮಾತ್ರ ಇಲ್ಲ. ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ನಿಜವಾಗಿ ಸಿಟ್ಟು ಬಂತು. ಆಗ ಕಾಕಾ ಕಡೆ ಹಳೆಯ ಸ್ಕೋರ್ ಪುಸ್ತಕ ಇರಬಹುದು ಅಂತ ಯಾರೋ ಅಂದರು. ಫೋನ್ ಮಾಡಿದ್ದೇ ತಡ, ತಗಡಿನ ಟ್ರಂಕನ್ನು ಆಟೋದಲ್ಲಿ ಹಾಕಿಕೊಂಡು ಕೇಶ್ವಾಪುರದ ನಮ್ಮ ಮನೆಗೇ ತಂದರು. ಹುಳ ಹಿಡಿಯದಂತೆ ಪುಟಗಳ ನಡುವೆ ಬೇವಿನೆಲೆ ಇಟ್ಟಿದ್ದರು.

ಸ್ಕೋರ್ ಪುಸ್ತಕ ಓದಲು ಬಂದರೆ ಪಂದ್ಯವೇ ಕಣ್ಣ ಮುಂದೆ ನಡೆಯುತ್ತದೆ. ಅಂಗಳಕ್ಕಿಳಿದವನ ನಂಬರಿನ ಪಕ್ಕ ಒಂದು ಸಣ್ಣ ಇಂಟು ಗುರುತು. ಮೊದಲಿನಿಂದಲೇ ಆಡಿದ ಐವರ ಇಂಟುವಿಗೆ ಒಂದು ಸುತ್ತು. ಫೌಲಿಗೆ ಒಂದು ಖಾನೆ, ಐದು ತುಂಬಿದರೆ ಆಟಗಾರ ಹೊರಗೆ. ಎಷ್ಟೋ ಪುಸ್ತಕಗಳ ರಟ್ಟು ಹರಿದು ಯಾವ ವರ್ಷದ್ದೆಂದೇ ತಿಳಿಯುತ್ತಿರಲಿಲ್ಲ. ಆದರೂ ಹಳೆಯದು ಕೆಳಗೆ, ಹೊಸದು ಮೇಲೆ ಅಂತ ಜೋಡಿಸಿದೆ. ಆಚೆಯಿಂದ ಚೆಂಡು ಹಾಕಿದರೆ ಎರಡರ ಬದಲು ಮೂರು ಪಾಯಿಂಟು ಸಿಗುವ ಗೆರೆ ಅಂತರರಾಷ್ಟ್ರೀಯ ನಿಯಮಕ್ಕೆ ಬಂದದ್ದು 1984ರಲ್ಲಿ, ಹಾಗಾಗಿ ಮೂರರ ಲೆಕ್ಕವೇ ಇಲ್ಲದ ಪುಸ್ತಕಗಳು ಕೆಳಗೆ. 20 ನಿಮಿಷದ ಎರಡು ಅರ್ಧ ಹೋಗಿ 10 ನಿಮಿಷದ ನಾಲ್ಕು ಕ್ವಾರ್ಟರ್ ಬಂದದ್ದು 2000ದಲ್ಲಿ, ಅವು ಮೇಲಕ್ಕೆ. ಆಗ ಜರ್ಸಿ ನಂಬರು 4ರಿಂದ ಶುರುವಾಗಿ 15ಕ್ಕೆ ಮುಗಿಯುತ್ತಿದ್ದವು. ಪ್ರತಿ ಪುಟದಲ್ಲೂ ಕಡೆಯ ಸಾಲು 15, ಆ ಸಾಲಿನಲ್ಲಿ ಕಾಕಾನ ಹೆಸರು, ಅದರ ಪಕ್ಕ ಖಾಲಿ. ಪುಟ ತಿರುವಿದೆ, ಖಾಲಿ. ಪುಸ್ತಕ ಬದಲಿಸಿದೆ, ಖಾಲಿ. ಒಂದು ಇಂಟುವಾದರೂ ಸಿಗಲಿ ಅಂತ ರಾತ್ರಿ ಒಂದರವರೆಗೆ ಹುಡುಕಿದೆ.

ಸಂಬಳದ ಕ್ಲಬ್ ಅಲ್ಲ ನಮ್ಮದು, ಬರೀ ಹವ್ಯಾಸದ್ದೂ ಅಲ್ಲ. ಹಗಲು ವರ್ಕ್‌ಶಾಪ್, ಆಫೀಸು, ಅಂಗಡಿ. ಸಂಜೆ ಆಟ. ಹೊರಗೆ ಹೋದರೆ ಬಸ್ ಚಾರ್ಜು, ಊಟದ ಭತ್ಯೆ, ಗೆದ್ದರೆ ಬಹುಮಾನದ ಹಣದಲ್ಲಿ ಪಾಲು. ಹುಬ್ಬಳ್ಳಿ ರೈಲ್ವೆ ಊರು, ಆಟ ಚಲೋ ಇದ್ದರೆ ನೌಕರಿ ಸಿಕ್ಕೀತೆಂಬ ಆಸೆಯೂ ಇತ್ತು. ಬಹುಮಾನ ದೊಡ್ಡದಾದಾಗ ಹೊರಗಿನಿಂದ ಗೆಸ್ಟ್ ಪ್ಲೇಯರ್‌ಗಳನ್ನು ಕರೆಸುವುದು ಶುರುವಾಯಿತು. ಅವರು ಬಂದರೆ ಊರಿನ ಹುಡುಗ ಬೆಂಚಿಗೆ. ಆ ಗೆಸ್ಟ್‌ಗಳು ಉಳಿಯುತ್ತಿದ್ದದ್ದು ಕಾಕಾನ ಮನೆಯಲ್ಲಿ, ಉಣ್ಣುತ್ತಿದ್ದದ್ದು ಕಾಕುನ ಕೈ ಅಡುಗೆ. ತಮ್ಮ ಜಾಗ ಕಸಿದವರಿಗೆ ತಾವೇ ಹಾಸಿಗೆ ಹಾಸಿಕೊಟ್ಟರು ಅಂತ ನಾನಂದರೆ ಕಾಕಾಗೆ ಸೇರಲಿಲ್ಲ. "ಕಸಗೊಳ್ಳೂದೇನ ಬಂತವಾ? ದಿನಾ ಸಂಜೀಕ ಅವರ ಎದುರಿಗೆ ನಿಂದರಾಂವ ನಾನ. ನನ್ನ ದಾಟಿದ್ರ ಮ್ಯಾಚಿನ್ಯಾಗ ಯಾರನ್ನರ ದಾಟತಾರಂತ ಗೊತ್ತಿತ್ತು."

ಅಂಗಳ ಮಣ್ಣಿನದು. ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವವರು ಕಾಕಾನೇ. ಮಳೆ ಬಂದರೆ ಚೆಂಡು ಪುಟಿಯುತ್ತಿರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್ ಫೈನಲ್ಲೂ ಮಳೆಯಲ್ಲಿ, ಬಯಲಿನ ಅಂಗಳದಲ್ಲಿ ನಡೆದು ಅಮೆರಿಕ 19, ಕೆನಡಾ 8 ಅಂತ ಮುಗಿಯಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ಜೂನ್ ತಿಂಗಳಲ್ಲಿ ಗೋಣಿಚೀಲದಿಂದ ನೀರು ಒರೆಸುತ್ತಿದ್ದ ಕಾಕಾ. ನನಗೆ ಲೇಅಪ್, ಅಂದರೆ ಓಡಿಬಂದು ಜಿಗಿದು ರಿಂಗಿನ ಹತ್ತಿರದಿಂದ ಚೆಂಡು ಹಾಕುವುದನ್ನು, ಕಲಿಸಿದವರೂ ಅವರೇ. ಹುಡುಗಿಯರು ಚೆಂಡು ಮುಟ್ಟಿದರೆ ನಗುತ್ತಿದ್ದ ಕಾಲ. "ಬಲಗಾಲು, ಎಡಗಾಲು, ಮ್ಯಾಲೆ!" ಈಗಲೂ ಅವಸರದಲ್ಲಿ ಮೆಟ್ಟಿಲು ಹತ್ತುವಾಗ ಆ ದನಿ ಕೇಳುತ್ತದೆ.

ಸಂಚಿಕೆ 1891ರ ಸ್ಪ್ರಿಂಗ್‌ಫೀಲ್ಡಿನಿಂದ, ಜೇಮ್ಸ್ ನೈಸ್ಮಿತ್ ಮಾಸ್ತರರಿಂದ ಶುರುವಾಗಬೇಕೆಂಬುದು ಕಾರ್ಯದರ್ಶಿಗಳ ಆಸೆ. ಬರೆಯುತ್ತೇನೆ. ಮಾಸ್ತರರು ಕೇಳಿದ್ದು ಎರಡು ಪೆಟ್ಟಿಗೆ. ಪೆಟ್ಟಿಗೆ ಇಲ್ಲ, ಪೀಚ್ ಹಣ್ಣಿನ ಬುಟ್ಟಿ ಇವೆ ಅಂತ ತಂದುಕೊಟ್ಟವನು ಆ ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರ. ಬುಟ್ಟಿ ಬಡಿದ ಬಾಲ್ಕನಿ 10 ಅಡಿ ಎತ್ತರ ಇತ್ತು, ರಿಂಗು ಇವತ್ತಿಗೂ ಅಷ್ಟೇ ಎತ್ತರದಲ್ಲಿದೆ. ಆ ನೌಕರನ ಹೆಸರು ಸ್ಟೆಬಿನ್ಸ್. ಸಾವಿರಾರು ಮೈಲಿ ದೂರದ ಅವನ ಹೆಸರು ನಾನು ಹುಬ್ಬಳ್ಳಿಯಲ್ಲಿ ಕೂತು ಬರೆಯಬಹುದಾದರೆ, ಓಣಿಯ ಆಚೆಗಿರುವವರ ಹೆಸರು ಯಾಕೆ ಬಿಡಬೇಕು? ಕಮಿಟಿಯಲ್ಲಿ ಇದನ್ನೇ ಕೇಳಿದೆ. "ಬೆಂಚಿನವರದೆಲ್ಲಾ ಹಾಕಿದ್ರ ಪುಟ ಸಾಲಂಗಿಲ್ರೀ" ಅಂದರು ಒಬ್ಬರು. ಮುಖ್ಯ ಅತಿಥಿಗಳ ಫೋಟೋಗೆ ಎಂಟು ಪುಟ ಸಾಕಾಗುತ್ತವೆ, ಇದಕ್ಕೆ ಒಂದು ಸಾಲು ಸಾಲದು. ಆ ಎಂಟರಲ್ಲಿ ಒಂದು ಪುಟ ಕಿತ್ತುಕೊಂಡೇ ಎದ್ದೆ.

ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದೆ: "ಕಾಕಾ, 4ರಿಂದ 15, ಪೂರಾ ಹಾಕ್ತೀನಿ. ಬ್ಯಾಡ ಅನಬ್ಯಾಡ್ರಿ."

ಆ ಕಡೆ ತುಸು ಹೊತ್ತು ಮಾತಿಲ್ಲ. ಕಾಕು ಯಾರು ಅಂತ ಕೇಳಿದ್ದು ಕೇಳಿಸಿತು. ಆಮೇಲೆ ಕಾಕಾ ಮೆಲ್ಲಗೆ ಅಂದರು:

"ಹಾಕೂದಾದ್ರ ಇನಿಷಿಯಲ್ ನನ್ನ ಕೇಳಿ ಹಾಕವಾ. ಪುಸ್ತಕದಾಗ ಎಲ್ಲಾ ಕಡೆ ತಪ್ಪು ಬರದಾರ."