ಹರ್ಡಲ್ಸ್ ಲಾರ್ಡ್‌ನ ಮನೆ ಬರ್ಲಿ ಹೌಸ್: ಶುಕ್ರವಾರ ಬೇಡ, ಸೆಪ್ಟೆಂಬರ್ ಮೊದಲ ವಾರ ಬೇಡವೇ ಬೇಡ

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ 53.4 ಸೆಕೆಂಡಿಗೆ ಚಿನ್ನ ಗೆದ್ದ ಲಾರ್ಡ್ ಬರ್ಲಿಯ ಮನೆ ನೋಡಬೇಕೆಂದು ಲಂಡನ್ನಿನಿಂದ ಹೊರಡುವ ಕ್ರೀಡಾಪ್ರಿಯರು ಒಂದು ಮಾತು ತಿಳಿದಿರಲಿ. ಇಂಗ್ಲೆಂಡಿನ ಸ್ಟ್ಯಾಮ್‌ಫರ್ಡ್ ಊರಿನ ಪಕ್ಕದ ಬರ್ಲಿ ಹೌಸ್ ಕ್ರೀಡಾ ಮ್ಯೂಸಿಯಂ ಅಲ್ಲ. ಓಟಗಾರನಿಗೆ ಸಂಬಂಧಿಸಿದ ವಸ್ತುಗಳಿಗೆ ಅಲ್ಲಿ ಸಿಕ್ಕಿರುವುದು ಒಂದು ಕಾರಿಡಾರ್. ಉಳಿದದ್ದೆಲ್ಲ ನಾನೂರು ವರ್ಷ ಕೂಡಿಟ್ಟ ಚಿತ್ರಪಟ, ಪಿಂಗಾಣಿ, ಬೆಳ್ಳಿ. ಟಿಕೆಟ್ಟಿಗೆ ತಲೆಗೆ ಇಪ್ಪತ್ತು ಪೌಂಡಿನ ಮೇಲೆ ತೆತ್ತು ಒಳಗೆ ಹೋದಮೇಲೆ ಇದು ಗೊತ್ತಾಗುವುದು ಬೇಡ.

ಮೊದಲು ದಿನ ಸರಿಮಾಡಿಕೊಳ್ಳಿ. ಮನೆ ತೆರೆಯುವುದು ಮಾರ್ಚ್ ಮಧ್ಯದಿಂದ ಅಕ್ಟೋಬರ್ ಕೊನೆಯ ಸುಮಾರಿಗೆ ಮಾತ್ರ, ಅದರಲ್ಲೂ ಶುಕ್ರವಾರ ರಜೆ. ಎಡವಟ್ಟೆಂದರೆ ಸ್ಟ್ಯಾಮ್‌ಫರ್ಡಿನ ಸಂತೆ ಸೇರುವುದೂ ಶುಕ್ರವಾರವೇ. ಎರಡನ್ನೂ ಒಂದೇ ದಿನ ನೋಡುವ ಆಸೆ ಬಿಡಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಇಲ್ಲಿ ಕುದುರೆ ಸವಾರಿಯ ದೊಡ್ಡ ಸ್ಪರ್ಧೆ ನಡೆಯುತ್ತದೆ. 1961ರಲ್ಲಿ ಅದಕ್ಕೆ ತನ್ನ ಪಾರ್ಕ್ ಬಿಟ್ಟುಕೊಟ್ಟವನು ಇದೇ ಓಟಗಾರ, ಆ ಹೊತ್ತಿಗೆ ಎಕ್ಸಿಟರ್‌ನ ಆರನೇ ಮಾರ್ಕ್ವಿಸ್ ಎಂಬ ವಂಶಪಾರಂಪರ್ಯದ ಪದವಿಗೆ ಏರಿದ್ದ. ಆ ದಿನಗಳಲ್ಲಿ ಮನೆ ಮುಚ್ಚಿರುತ್ತದೆ, ಪಾರ್ಕಿನ ತುಂಬ ಕಾರು ಮತ್ತು ಕೆಸರು. ಊರಿನ ಬಾಡಿಗೆ ಕೋಣೆಗಳ ದರ ಎರಡು ಮೂರು ಪಟ್ಟು ಏರುತ್ತದೆ, ಒಂದೇ ರಾತ್ರಿಗೆಂದರೆ ಕೊಡುವುದೂ ಇಲ್ಲ. ಕೊಟ್ಟರೂ ಪಬ್ಬಿನ ಮೇಲಿನ ಕೋಣೆ: ಕಿರಿದಾದ ಮರದ ಮೆಟ್ಟಿಲು, ಲಿಫ್ಟ್ ಇಲ್ಲ, ಕೆಳಗೆ ರಾತ್ರಿ ಹನ್ನೊಂದರ ತನಕ ಗದ್ದಲ, ಇಷ್ಟು ಸಾಲದೆಂಬಂತೆ ತಿಂಡಿಗೆ ಬೇರೆ ಬಿಲ್ಲು. ಕುದುರೆಯ ಹುಚ್ಚಿಲ್ಲದವರು ಆ ವಾರ ಆ ಕಡೆ ತಲೆಯನ್ನೂ ಹಾಕಬಾರದು. ಬೇರೆ ದಿನಗಳಲ್ಲೂ ರೈಲು ಬದಲಿಸುವ ಊರಾದ ಪೀಟರ್‌ಬರೋದಲ್ಲಿ ಉಳಿಯುವುದೇ ಲೇಸು. ಊರು ಅಷ್ಟು ಚಂದವಿಲ್ಲ, ಆದರೆ ಕೋಣೆ ಅಗ್ಗ, ರೈಲು ಹೆಚ್ಚು.

ರೈಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಿಂಗ್ಸ್ ಕ್ರಾಸ್‌ನಿಂದ ಪೀಟರ್‌ಬರೋಗೆ ವೇಗದ ರೈಲಿನಲ್ಲಿ ಸುಮಾರು ಐವತ್ತು ನಿಮಿಷ. ಅಲ್ಲಿ ಇಳಿದು, ಮೇಲ್ಸೇತುವೆ ದಾಟಿ, ಬರ್ಮಿಂಗ್‌ಹ್ಯಾಮ್ ಕಡೆಯ ರೈಲು ಹಿಡಿದರೆ ಕಾಲು ಗಂಟೆಯಲ್ಲಿ ಸ್ಟ್ಯಾಮ್‌ಫರ್ಡ್. ಈ ಎರಡನೆಯ ರೈಲು ಗಂಟೆಗೊಂದು, ಅದೂ ಎರಡು ಮೂರು ಡಬ್ಬಿಯದು. ಅದೇ ಮಾರ್ಗ ಇನ್ನೊಂದು ತುದಿಯಲ್ಲಿ ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣ ಮುಟ್ಟುವುದರಿಂದ ಬಾಗಿಲ ಬಳಿಯೆಲ್ಲ ಸೂಟ್‌ಕೇಸ್, ಬೇಸಿಗೆಯಲ್ಲಿ ನಿಂತೇ ಹೋಗಬೇಕಾದೀತು. ಲಂಡನ್ ರೈಲು ಹತ್ತು ನಿಮಿಷ ತಡವಾದರೆ ಪೀಟರ್‌ಬರೋ ಪ್ಲಾಟ್‌ಫಾರ್ಮಿನಲ್ಲಿ ಒಂದು ಗಂಟೆ ಗಾಳಿ ಕುಡಿಯುವುದೇ. ರೈಲು ಬದಲಿಸಲು ಇಪ್ಪತ್ತು ನಿಮಿಷವಾದರೂ ಇಟ್ಟುಕೊಳ್ಳಿ, ಟಿಕೆಟ್ಟನ್ನು ಸ್ಟ್ಯಾಮ್‌ಫರ್ಡ್‌ವರೆಗೂ ಒಂದೇ ಆಗಿ ಕೊಳ್ಳಿ.

ಸ್ಟ್ಯಾಮ್‌ಫರ್ಡ್ ಸ್ಟೇಷನ್ನಿನಲ್ಲಿ ಸಾಮಾನು ಇಡುವ ಕೋಣೆ ಇಲ್ಲ. ಹೊರಗೆ ಟ್ಯಾಕ್ಸಿ ನಿಂತಿರುತ್ತದೆ ಎಂದೂ ನಂಬಬೇಡಿ. ಸ್ಟೇಷನ್ ವೆಲ್ಯಾಂಡ್ ನದಿಯ ದಕ್ಷಿಣಕ್ಕಿದೆ, ಬರ್ಲಿಯೂ ಅದೇ ದಡದಲ್ಲಿದೆ. ಹಾಗಾಗಿ ಸೇತುವೆ ದಾಟಿ ಪೇಟೆಗೆ ಹೋಗದೆ ಸೇಂಟ್ ಮಾರ್ಟಿನ್ಸ್ ಬೀದಿ ಹತ್ತಿ ಬಾರ್ನಾಕ್ ರಸ್ತೆಗೆ ತಿರುಗಿದರೆ ಅರ್ಧ ಗಂಟೆಯ ನಡಿಗೆ. ಪಾರ್ಕಿಗೆ ದುಡ್ಡಿಲ್ಲ, ಜಿಂಕೆಗಳು ಪುಕ್ಕಟೆ. ಮಳೆ ಬಂದಿದ್ದರೆ ಕ್ಯಾನ್ವಾಸ್ ಶೂ ಬೇಡ.

ದಾರಿಯಲ್ಲೇ ಸಿಗುವ ಸೇಂಟ್ ಮಾರ್ಟಿನ್ಸ್ ಚರ್ಚನ್ನು ಮೊದಲು ನೋಡಿ. ಬರ್ಲಿ ವಂಶದ ಮೂಲಪುರುಷ ವಿಲಿಯಂ ಸೆಸಿಲ್ ಮಲಗಿರುವುದು ಅಲ್ಲಿ. ಮೊದಲನೇ ಎಲಿಜಬೆತ್ ರಾಣಿಯ ಖಜಾನೆ ನೋಡಿಕೊಂಡ ಮಂತ್ರಿ, ತೀರಿಕೊಂಡದ್ದು 1598ರಲ್ಲಿ. ಬರ್ಲಿ ಹೌಸ್ ಕಟ್ಟಿಸಿದವನೂ ಅವನೇ, 1555ರಿಂದ 1587ರವರೆಗೆ. ಸಮಾಧಿ ನೋಡಿ ಮನೆಗೆ ಹೋದರೆ ಯಾವ ಚಿತ್ರಪಟದಲ್ಲಿ ಯಾರಿದ್ದಾರೆ ಎಂಬ ಗೋಜಲು ಅರ್ಧ ಕಡಿಮೆಯಾಗುತ್ತದೆ.

ಮನೆಯೊಳಗೆ ಎಲ್ಲ ಕೋಣೆಗೂ ಸಮಸಮ ಹೊತ್ತು ಕೊಡಬೇಡಿ. ಹಳೆಯ ಅಡುಗೆಮನೆಯ ತಾಮ್ರದ ಪಾತ್ರೆಗಳ ಮುಂದೆ ನಿಲ್ಲಿ. ಇನ್ನೂರ ಅರವತ್ತರ ಮೇಲಿವೆ, ಕಲಾಯಿ ಹಾಕುವವನ ಪಾಡು ನೆನೆದರೇ ಕೈ ನೋಯುತ್ತದೆ. ಇಟಲಿಯ ಅಂತೋನಿಯೋ ವೆರ್ರಿಯೋ ಬರೆದ ಸ್ವರ್ಗದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿ. ಗೋಡೆ ಎಲ್ಲಿ ಮುಗಿದು ಚಿತ್ರದ ಕಂಬ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಪಕ್ಕದ ನರಕದ ಮೆಟ್ಟಿಲ ಸೂರಿನಲ್ಲಿ ನರಕದ ದ್ವಾರವೆಂದರೆ ಬಾಯಿ ತೆರೆದ ಬೆಕ್ಕು. ಸರತಿ ನಿಲ್ಲುವುದೂ ಅಲ್ಲೇ. ಹನ್ನೊಂದರಿಂದ ಎರಡರವರೆಗೆ ಬಸ್ಸುಗಳಲ್ಲಿ ಬರುವ ಹಿರಿಯರ ಗುಂಪು ಹೆಚ್ಚು, ಬಾಗಿಲು ತೆಗೆದ ಕೂಡಲೇ ಹೋಗಿ. ಎರಡನೇ ಜಾರ್ಜ್, ಮೂರನೇ ಜಾರ್ಜ್ ಎಂದು ಹೆಸರಿಟ್ಟ ಕೋಣೆಗಳನ್ನು ದಾಟಿಬಿಡಬಹುದು.

ಒಲಿಂಪಿಕ್ ಕಾರಿಡಾರಿನಲ್ಲಿ ಒಬ್ಬರೇ ನಿಂತು ನೋಡುವಷ್ಟು ಜಾಗ ಸಿಗುತ್ತದೆ, ಯಾಕೆಂದರೆ ಹೆಚ್ಚಿನವರು ಅಲ್ಲಿ ನಿಲ್ಲುವುದೇ ಇಲ್ಲ. ಅಲ್ಲಿ ನಿಲ್ಲುವವರಿಗೆ ಹಿನ್ನೆಲೆ ಗೊತ್ತಿರಲಿ. ಲಾರ್ಡ್ ಬರ್ಲಿ, ಅಂದರೆ ಡೇವಿಡ್ ಸೆಸಿಲ್, ಹುಟ್ಟಿದ್ದು 1905ರಲ್ಲಿ. 1924ರ ಪ್ಯಾರಿಸ್ಸಿನಲ್ಲಿ 110 ಮೀಟರ್ ಹರ್ಡಲ್ಸ್‌ನ ಮೊದಲ ಸುತ್ತಿನಲ್ಲೇ ಔಟು, ನಾಲ್ಕು ವರ್ಷಕ್ಕೆ ಚಿನ್ನ. 400 ಮೀಟರಿನಲ್ಲಿ ಹತ್ತು ಹರ್ಡಲ್, ಒಂದೊಂದೂ 91.4 ಸೆಂಟಿಮೀಟರ್ ಎತ್ತರ. ಹರ್ಡಲಿನ ಮೇಲೆ ಬೆಂಕಿಪೊಟ್ಟಣ ಇಟ್ಟು, ಹಲಗೆಗೆ ತಾಗದೆ ಪೊಟ್ಟಣ ಮಾತ್ರ ಬೀಳುವಂತೆ ಕಾಲು ಹಾಯಿಸಿ ಅಭ್ಯಾಸ ಮಾಡುತ್ತಿದ್ದ ಎಂದು ಹೇಳುತ್ತಾರೆ. 1932ರ ಲಾಸ್ ಏಂಜಲಿಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯವನಾಗಿ, 4x400 ರಿಲೇಯಲ್ಲಿ ಬೆಳ್ಳಿ ಗೆದ್ದ. 1984ರಲ್ಲಿ ಪಿ.ಟಿ. ಉಷಾ ಅದೇ ಊರಿನಲ್ಲಿ ಅದೇ ಸ್ಪರ್ಧೆಯಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ನಾಲ್ಕನೆಯವರಾದದ್ದು ನಮ್ಮವರಿಗೆ ನೆನಪಾಗದೆ ಇರದು. 1948ರ ಲಂಡನ್ ಒಲಿಂಪಿಕ್ಸ್ ಸಂಘಟನಾ ಸಮಿತಿಯ ಅಧ್ಯಕ್ಷನೂ ಇವನೇ. ಸ್ವತಂತ್ರ ಭಾರತ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದ, ಫುಟ್‌ಬಾಲಿನಲ್ಲಿ ಮೈಸೂರಿನ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಕೂಟ ಅದು.

ಮನೆ ಇಂದಿಗೂ ತೆರೆದಿರುವುದಕ್ಕೆ ಕಾರಣ 1969ರಲ್ಲಿ ಅವನು ಮಾಡಿದ ಟ್ರಸ್ಟ್. ಮಾರ್ಕ್ವಿಸ್ ಪದವಿ ಗಂಡು ಸಂತತಿಗೆ ಮಾತ್ರ ಹೋಗುವಂಥದು. 1981ರಲ್ಲಿ ಅವನು ತೀರಿಕೊಂಡಾಗ ಗಂಡು ಮಕ್ಕಳಿರಲಿಲ್ಲ, ಮಾರ್ಕ್ವಿಸ್ ಪಟ್ಟ ಕೆನಡಾದಲ್ಲಿ ನೆಲೆಸಿದ್ದ ತಮ್ಮ ಮಾರ್ಟಿನ್ನನಿಗೆ ಹೋಯಿತು. ಮನೆ ಮತ್ತು ಅದರ ಸಂಗ್ರಹ ಟ್ರಸ್ಟಿನದಾಗಿ ಇಲ್ಲೇ ಉಳಿದವು. ಉಸ್ತುವಾರಿ ಮೊದಲು ಮಗಳು ವಿಕ್ಟೋರಿಯಾ ಲೆದಮ್, 2007ರ ನಂತರ ಮೊಮ್ಮಗಳು ಮಿರಾಂಡಾ ರಾಕ್. ಬ್ರಿಟನ್ನಿನ ಎಷ್ಟೋ ದೊಡ್ಡ ಮನೆಗಳು ತೆರಿಗೆ ಕಟ್ಟಲಾಗದೆ ಬಿದ್ದುಹೋಗಿವೆ. ಪದಕಕ್ಕಿಂತ ದೊಡ್ಡ ಕೆಲಸ ಈ ಟ್ರಸ್ಟೇ ಎನ್ನಬೇಕು.

ಓಟವೇ ಮುಖ್ಯವೆನ್ನುವವರು ಮಾರನೇ ದಿನ ಅದೇ ಸ್ಟ್ಯಾನ್‌ಸ್ಟೆಡ್ ರೈಲಿನಲ್ಲಿ ಕೇಂಬ್ರಿಜಿಗೆ ಹೋಗಬೇಕು. ಸ್ಟ್ಯಾಮ್‌ಫರ್ಡಿನಿಂದ ಗಂಟೆಯ ಮೇಲೆ ಸ್ವಲ್ಪ, ರೈಲು ಬದಲಿಸುವುದಿಲ್ಲ. ಟ್ರಿನಿಟಿ ಕಾಲೇಜಿನ ಗ್ರೇಟ್ ಕೋರ್ಟ್ ಅಂಗಳವನ್ನು ಹನ್ನೆರಡು ಹೊಡೆಯುವುದರೊಳಗೆ ಸುತ್ತಿಬರುವ ಪಂಥವನ್ನು ಬರ್ಲಿ 1927ರಲ್ಲಿ ಗೆದ್ದ. ಅವನು ಓದಿದ್ದು ಹತ್ತಿರದ ಮ್ಯಾಗ್ಡಲೀನ್ ಕಾಲೇಜಿನಲ್ಲಿ. ದಾರಿ ಸುಮಾರು 370 ಮೀಟರ್. ಅಲ್ಲಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ, ದಪ್ಪ ಸ್ವರದಲ್ಲೊಮ್ಮೆ ತೆಳು ಸ್ವರದಲ್ಲೊಮ್ಮೆ, ಬಾರಿಸುವುದರಿಂದ ಮಧ್ಯಾಹ್ನ 24 ಪೆಟ್ಟು, ಮುಂಚಿನ ಗಂಟಾನಾದ ಸೇರಿ 43ರಿಂದ 44.5 ಸೆಕೆಂಡು. ಕೀಲಿ ಕೊಟ್ಟು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಹೆಚ್ಚುಕಮ್ಮಿ. ಹನ್ನೆರಡಕ್ಕೆ ಐದು ನಿಮಿಷ ಮೊದಲೇ ಒಳಗಿದ್ದು, ಚಪ್ಪಡಿ ಕಲ್ಲುಗಳನ್ನೂ ಮೂಲೆಗಳ ತಿರುವನ್ನೂ ನೋಡಿದರೆ ಅದು ಟ್ರ್ಯಾಕಿನ ಓಟಕ್ಕಿಂತ ಯಾಕೆ ಕಷ್ಟವೆಂದು ತಿಳಿಯುತ್ತದೆ. 1981ರ ಪ್ರಸಿದ್ಧ ಸಿನಿಮಾ ‘ಚಾರಿಯಟ್ಸ್ ಆಫ್ ಫೈರ್’ ಈ ಗೆಲುವನ್ನು ಬೇರೊಬ್ಬ ಓಟಗಾರನಿಗೆ ಕಟ್ಟಿತು, ಚಿತ್ರೀಕರಣ ನಡೆದದ್ದೂ ಈಟನ್ ಶಾಲೆಯಲ್ಲಿ. ಪರೀಕ್ಷೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಕಾಲೇಜುಗಳು ಹೊರಗಿನವರನ್ನು ಬಿಡದಿರುವುದೇ ಹೆಚ್ಚು. ಹುಲ್ಲಿನ ಮೇಲೆ ಕಾಲಿಟ್ಟರೆ ಟೋಪಿ ಹಾಕಿದ ಪೋರ್ಟರ್ ಗದರಿಸುತ್ತಾನೆ.

ಊಟಕ್ಕೆ ಪೀಟರ್‌ಬರೋದ ಲಿಂಕನ್ ರೋಡ್. ಸ್ಟೇಷನ್ನಿನಿಂದ ಉತ್ತರಕ್ಕೆ ನಡೆದರೆ ಪಂಜಾಬಿ, ಪಾಕಿಸ್ತಾನಿ, ಗುಜರಾತಿ ಅಂಗಡಿಗಳ ಸಾಲು. ಮೇಜು ಗಡಗಡ ಅಲುಗುವ, ಮೆನು ಗೋಡೆಗೆ ಅಂಟಿಸಿರುವ ಅಂಗಡಿಯೇ ಒಳ್ಳೆಯದು. ತಂದೂರಿನಿಂದ ನೇರ ತಟ್ಟೆಗೆ ಬರುವ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ತಡ್ಕಾ ದಾಲ್, ಕೇಳದೆಯೇ ಇಡುವ ಹಸಿ ಈರುಳ್ಳಿ ಮತ್ತು ಮೆಣಸಿನಕಾಯಿ, ಕೊನೆಗೆ ಏಲಕ್ಕಿ ಹಾಕಿ ಕಾಯಿಸಿದ ಚಹಾ. ದೊಡ್ಡ ಮನೆಯ ಕೆಫೆಯಲ್ಲಿ ಒಂದು ಸ್ಯಾಂಡ್‌ವಿಚ್ಚಿಗೆ ಕೊಡುವ ದುಡ್ಡಿಗೆ ಇಲ್ಲಿ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳು ಮಾಂಸದ ಸೌಟು ದಾಲಿಗೆ ಹಾಕಬೇಡಿ ಎಂದು ಹೇಳಿಬಿಡಬೇಕು, ಸಂಕೋಚ ಬೇಡ. ಸ್ಟ್ಯಾಮ್‌ಫರ್ಡ್ ಸಂತೆಯಲ್ಲಿ ಸಿಗುವ ಲಿಂಕನ್‌ಶೈರ್ ಪ್ಲಮ್ ಬ್ರೆಡ್ ರುಚಿಯೇನೋ ಹೌದು, ಹಳೆಯ ಪದ್ಧತಿಯದರಲ್ಲಿ ಹಂದಿಕೊಬ್ಬು ಇರುತ್ತದೆ, ಬೆಣ್ಣೆಯದ್ದೇ ಎಂದು ಕೇಳಿ ಕೊಳ್ಳಿ.

ಲಂಡನ್ನಿಗೆ ಮರಳುವಾಗ ಸಮಯವಿದ್ದರೆ ಹ್ಯಾಟ್‌ಫೀಲ್ಡಿನಲ್ಲಿ ಇಳಿಯಿರಿ. ವೇಗದ ರೈಲುಗಳು ಅಲ್ಲಿ ನಿಲ್ಲುವುದಿಲ್ಲ, ನಡುವೆ ಬದಲಿಸಬೇಕು. ಸ್ಟೇಷನ್ನಿನ ಎದುರೇ ಗೇಟು. ವಿಲಿಯಂ ಸೆಸಿಲ್‌ನ ಹಿರಿಯ ಮಗನ ಶಾಖೆ ಬರ್ಲಿಯದಾದರೆ, ಕಿರಿಯ ಮಗ ರಾಬರ್ಟನದು ಹ್ಯಾಟ್‌ಫೀಲ್ಡ್. ಆ ಶಾಖೆಯ ಲಾರ್ಡ್ ಸಾಲ್ಸ್‌ಬರಿ 1874ರಿಂದ 1878ರವರೆಗೆ ಭಾರತದ ವ್ಯವಹಾರ ನೋಡಿಕೊಂಡ ಮಂತ್ರಿ, ಮೈಸೂರು ಸೀಮೆಯನ್ನು ಹಿಂಡಿದ ಧಾತು ಈಶ್ವರ ಬರದ ಕಾಲದಲ್ಲಿ. ಈ ಮನೆಯೂ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದ ಕಾಲದಲ್ಲೂ ವಾರದ ಎಲ್ಲ ದಿನ ತೆರೆಯುವುದಿಲ್ಲ. ದಿನ ನೋಡಿಕೊಂಡು ಇಳಿಯಿರಿ.